ಸಂಶಯದ ಮೆಸೇಜಿನ ಸ್ಕ್ರೀನ್‌ಶಾಟ್: ತಾರೀಖು ಕೈತಪ್ಪುವುದು ಎಲ್ಲಿ?

ಸಂಶಯದ ಮೆಸೇಜ್ ಬಂದರೆ ಮೊದಲು ಸ್ಕ್ರೀನ್‌ಶಾಟ್, ಅಂದರೆ ಪರದೆಯ ಚಿತ್ರ, ತೆಗೆದಿಡಿ. ಆಂಡ್ರಾಯ್ಡ್‌ನಲ್ಲಿ ಪವರ್ ಜೊತೆ ವಾಲ್ಯೂಮ್ ಇಳಿಸುವ ಬಟನ್. ಫೇಸ್ ಐಡಿ ಇರುವ ಐಫೋನ್‌ನಲ್ಲಿ ಸೈಡ್ ಬಟನ್ ಜೊತೆ ವಾಲ್ಯೂಮ್ ಏರಿಸುವ ಬಟನ್. ಎರಡೂ ಒಟ್ಟಿಗೇ ಅದುಮಬೇಕು. ಐಫೋನ್‌ನಲ್ಲಿ ಅದುಮಿ ತಕ್ಷಣ ಬಿಡಿ, ಹಿಡಿದೇ ಇದ್ದರೆ ಫೋನ್ ಆಫ್ ಮಾಡುವ ಸ್ಲೈಡರ್ ಬರುತ್ತದೆ.

ಬ್ಲಾಕ್, ಡಿಲೀಟ್ ಎಲ್ಲ ಆಮೇಲೆ. ವಾಟ್ಸಾಪ್‌ನಲ್ಲಿ ರಿಪೋರ್ಟ್ ಒತ್ತಿದರೆ ಚಾಟ್ ಅಳಿಸುವ ಆಯ್ಕೆಯೂ ಜೊತೆಗೇ ಬರುತ್ತದೆ. ಅವಸರದಲ್ಲಿ ಒಪ್ಪಿಬಿಟ್ಟರೆ ತೋರಿಸಲು ಏನೂ ಉಳಿಯದು.

ಈಗ ಎಡವುವ ಜಾಗ. ಮೆಸೇಜಿನ ಪಕ್ಕ 10:42 ಎಂದಿದೆ, ಮೇಲೆ ‘ಇಂದು’ ಎಂದಿದೆ. ನಾಲ್ಕು ದಿನ ಬಿಟ್ಟು ಈ ಚಿತ್ರ ನೋಡಿದವರಿಗೆ ಯಾವ ‘ಇಂದು’? ಪರದೆಯ ತುದಿಯ ಗಡಿಯಾರವನ್ನು ನಂಬಬೇಡಿ, ಅದು ಸ್ಕ್ರೀನ್‌ಶಾಟ್ ತೆಗೆದ ಹೊತ್ತು, ಮೆಸೇಜ್ ಬಂದ ಹೊತ್ತಲ್ಲ. ಉತ್ತರ ಇರುವುದು ಫೈಲ್‌ನಲ್ಲಿ. ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಫೈಲ್ ಹೆಸರಿನಲ್ಲೇ 20250314 ಎಂಬಂಥ ಅಂಕಿ ಇರುತ್ತದೆ: ವರ್ಷ, ತಿಂಗಳು, ದಿನ. ಐಫೋನ್‌ನಲ್ಲಾದರೆ ಫೋಟೋಸ್‌ನಲ್ಲಿ ಚಿತ್ರ ತೆರೆದು ಮೇಲಕ್ಕೆ ಸರಿಸಿದರೆ ತಾರೀಖು ಕಾಣುತ್ತದೆ. ಚಿತ್ರದಲ್ಲಿ ‘ಇಂದು’ ಇದ್ದರೆ ಅದೇ ತಾರೀಖು; ‘ನಿನ್ನೆ’ ಇದ್ದರೆ ಒಂದು ದಿನ ಕಳೆಯಿರಿ. ಹಾಗಾಗಿ ಫೈಲ್ ಹೆಸರು ಬದಲಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಹೋದರೆ ಹಳೆಯ ಹೆಸರೂ ಹೋಗುತ್ತದೆ, ಅಕ್ಷರವೂ ಮಸುಕಾಗುತ್ತದೆ.

ಕಳಿಸಿದವರ ಗುರುತಿಗೆ ಇನ್ನೊಂದು ಸ್ಕ್ರೀನ್‌ಶಾಟ್ ಬೇಕು. ಚಾಟ್‌ನ ಮೇಲೆ ಬರೀ ಹೆಸರಿದ್ದರೆ ಅದು ಯಾರ ಹೆಸರೂ ಆಗಬಹುದು. ಹೆಸರಿನ ಮೇಲೆ ಒತ್ತಿ, ದೇಶದ ಕೋಡ್ ಸಮೇತ ಪೂರ್ತಿ ನಂಬರ್ ಕಾಣುವ ಪುಟವನ್ನೂ ತೆಗೆಯಿರಿ. ಇಮೇಲ್‌ನಲ್ಲೂ ಹೀಗೇ, ಹೆಸರಿನ ಹಿಂದಿರುವ ವಿಳಾಸವೇ ಮುಖ್ಯ.

ಲಿಂಕ್ ಮುಟ್ಟಬೇಡಿ. ಐಫೋನ್‌ನಲ್ಲಿ ಲಿಂಕ್ ಮೇಲೆ ಬೆರಳಿಟ್ಟು ಹಿಡಿದರೂ ಮುನ್ನೋಟದ ನೆಪದಲ್ಲಿ ಆ ಪುಟ ತೆರೆದುಕೊಳ್ಳಬಹುದು.

ಉದ್ದದ ಮಾತುಕತೆಯಾದರೆ ಒಂದು ಚಿತ್ರದ ಕೊನೆಯ ಮೆಸೇಜ್ ಮುಂದಿನದರ ಮೊದಲಲ್ಲೂ ಇರಲಿ. ನಡುವೆ ಏನೂ ಬಿಟ್ಟಿಲ್ಲ ಎಂದು ಗೊತ್ತಾಗುತ್ತದೆ. ನಿಮ್ಮ ಖಾತೆ ಸಂಖ್ಯೆ, ಓಟಿಪಿ ಕಂಡರೆ ನಕಲು ಪ್ರತಿಯಲ್ಲಿ ಮುಚ್ಚಿ, ಮೂಲ ಹಾಗೇ ಇರಲಿ. ಹೈಲೈಟರ್ ಗೀರಿದರೆ ಸಾಲದು, ಅದರಡಿ ಅಂಕಿ ಇಣುಕುತ್ತದೆ. ಗಟ್ಟಿ ಬಣ್ಣ ತುಂಬಿದ ಚೌಕವನ್ನೇ ಇಡಿ.