ಸ್ಟ್ರೈಕ್‌ಔಟ್ ಅಪರಾಧವಲ್ಲ

ಪ್ರಶ್ನೆ: ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡದಲ್ಲಿ ಪ್ರತಿಭಾವಂತ ಹುಡುಗರಿಗೆ ಬರವಿಲ್ಲ ಎನ್ನುತ್ತೀರಿ. ಹಾಗಿದ್ದರೆ ಬ್ಯಾಟ್ ಬೀಸಿ ಬೀಸಿ ಸ್ಟ್ರೈಕ್‌ಔಟ್ (ಮೂರು ಅವಕಾಶವೂ ತಪ್ಪಿ ಔಟ್) ಆಗುವುದೇಕೆ? ಚೆಂಡಿಗೆ ಬ್ಯಾಟ್ ತಾಗಿಸಿದರೆ ಸಾಲದೇ?

ಉತ್ತರ: ಸಿಯಾಟಲ್ ಪಕ್ಕದ ರೆಡ್ಮಂಡ್, ಬೆಲ್‌ವ್ಯೂ ಕಡೆ ನೆಲೆಸಿರುವ ಕನ್ನಡಿಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಚುಟುಕಾಗಿ ಹೇಳಿ ನೋಡಿದ್ದಾಯಿತು, ಯಾರೂ ಒಪ್ಪಲಿಲ್ಲ. ಈ ಬಾರಿ ಲೆಕ್ಕದ ಸಮೇತ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ದೂರಿನಲ್ಲಿ ಹುರುಳಿಲ್ಲವೆಂದಲ್ಲ. 2024ರಲ್ಲಿ ಮ್ಯಾರಿನರ್ಸ್ ಬ್ಯಾಟರ್‌ಗಳು 1,625 ಸಲ ಸ್ಟ್ರೈಕ್‌ಔಟ್ ಆದರು. ಆ ವರ್ಷ ಬೇರಾವ ತಂಡವೂ ಅಷ್ಟು ಸಲ ಆಗಿರಲಿಲ್ಲ. ತಂಡದ ಬ್ಯಾಟಿಂಗ್ ಸರಾಸರಿ 0.224, ಅಂದರೆ ಸಾವಿರ ಯತ್ನಗಳಲ್ಲಿ ಫಲಿಸಿದ ಹೊಡೆತ 224. ಜೂನ್ ಮಧ್ಯದಲ್ಲಿ ತಮ್ಮ ವಿಭಾಗದಲ್ಲಿ ಹತ್ತು ಪಂದ್ಯಗಳ ಮುನ್ನಡೆ ಇತ್ತು, ಒಂದೇ ತಿಂಗಳೊಳಗೆ ಅದು ಕರಗಿಹೋಯಿತು. ಆಗಸ್ಟ್‌ನಲ್ಲಿ ಮ್ಯಾನೇಜರ್ ಸ್ಕಾಟ್ ಸರ್ವಿಸ್ ಅವರನ್ನು ತೆಗೆದು, ತಂಡದ ಹಳೆಯ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಡ್ಯಾನ್ ವಿಲ್ಸನ್ ಅವರನ್ನು ಕೂರಿಸಿದರು. ಕೊನೆಗೆ 85 ಗೆಲುವು, ಪ್ಲೇಆಫ್ ಇಲ್ಲ. ನೋಡಿದವರ ಹೊಟ್ಟೆ ಉರಿದಿದ್ದರೆ ಅದು ಸಹಜ.

ಆದರೆ ‘ತಾಗಿಸಿದರೆ ಸಾಕು’ ಎಂಬ ಮಾತಿದೆಯಲ್ಲ, ಅದು ತಪ್ಪು. ನಾವೆಲ್ಲ ಕ್ರಿಕೆಟ್ ನೋಡಿ ಬೆಳೆದವರು. ಅಲ್ಲಿ ಔಟಾದವನು ಪೆವಿಲಿಯನ್‌ಗೆ ಹೋದರೆ ಆ ಇನ್ನಿಂಗ್ಸ್‌ನಲ್ಲಿ ಅವನ ಆಟ ಮುಗಿಯಿತು, ಹಾಗಾಗಿ ವಿಕೆಟ್ ಕಾಪಾಡಿಕೊಳ್ಳುವುದೇ ಧರ್ಮ. ಬೇಸ್‌ಬಾಲ್‌ನಲ್ಲಿ ಔಟಾದ ಬ್ಯಾಟರ್ ತನ್ನ ಸರದಿ ಬಂದಾಗ ಮತ್ತೆ ಬರುತ್ತಾನೆ, ಒಂದು ಪಂದ್ಯದಲ್ಲಿ ನಾಲ್ಕೈದು ಸಲ. ಅವನು ಕಳೆಯುವುದು ಆ ಪಂದ್ಯದಲ್ಲಿ ತಂಡಕ್ಕಿರುವ 27 ಔಟ್‌ಗಳಲ್ಲಿ ಒಂದನ್ನು. ಆ ಒಂದು ಔಟ್ ಸ್ಟ್ರೈಕ್‌ಔಟ್ ಆಗಿ ಹೋದರೂ ಒಂದೇ, ಮೇಲಕ್ಕೆದ್ದ ಕ್ಯಾಚ್ ಆಗಿ ಹೋದರೂ ಬಹುಪಾಲು ಒಂದೇ.

ಕೆಲವೊಮ್ಮೆ ತಾಗಿಸುವುದೇ ಹಾನಿ. ಮೊದಲ ಬೇಸ್‌ನಲ್ಲಿ (ಒಂದು ರನ್‌ಗಾಗಿ ಸುತ್ತಬೇಕಾದ ನಾಲ್ಕು ನಿಲ್ದಾಣಗಳಲ್ಲಿ ಮೊದಲನೆಯದು) ಓಟಗಾರನಿದ್ದಾನೆ, ಇನ್ನೂ ಯಾರೂ ಔಟಾಗಿಲ್ಲ ಎಂದುಕೊಳ್ಳಿ. ಬ್ಯಾಟರ್ ಸ್ಟ್ರೈಕ್‌ಔಟ್ ಆದರೆ ಹೋಗುವುದು ಒಂದು ಔಟ್, ಓಟಗಾರ ಇದ್ದಲ್ಲೇ ಇರುತ್ತಾನೆ. ಅದೇ ಬ್ಯಾಟರ್ ಕೆಟ್ಟ ಪಿಚ್‌ಗೆ (ಎಸೆತಕ್ಕೆ) ಬ್ಯಾಟ್ ತಗುಲಿಸಿ ಶಾರ್ಟ್‌ಸ್ಟಾಪ್ ಎಂಬ ಫೀಲ್ಡರ್ ಕೈಗೆ ಚೆಂಡು ಉರುಳಿಸಿದರೆ ಡಬಲ್ ಪ್ಲೇ, ಇಬ್ಬರೂ ಔಟ್. ಬ್ಯಾಟ್ ತಾಗಿದ್ದರಿಂದ ಸಿಕ್ಕಿದ್ದೇನು?

ಇನ್ನೂ ನಂಬಿಕೆ ಬರದಿದ್ದರೆ ಅದೇ 2024ರ ಷಿಕಾಗೋ ವೈಟ್ ಸಾಕ್ಸ್ ತಂಡವನ್ನು ನೋಡಿ. ಮ್ಯಾರಿನರ್ಸ್‌ಗಿಂತ ಕಡಿಮೆ ಸ್ಟ್ರೈಕ್‌ಔಟ್ ಆದ ತಂಡ ಅದು. ಗಳಿಸಿದ ರನ್ 507, ಸೋತ ಪಂದ್ಯ 121. ಸ್ಟ್ರೈಕ್‌ಔಟ್‌ಗಳಲ್ಲಿ ಮೊದಲಿಗರಾದ ಮ್ಯಾರಿನರ್ಸ್ ಗಳಿಸಿದ ರನ್ 676. ಆಟಗಾರರಿಗೂ ಇದೇ ಲೆಕ್ಕ ಹಾಕಬಹುದು. 2024ರಲ್ಲಿ ಬೇರೆ ತಂಡದ ಬ್ಯಾಟರ್ ಲೂಯಿಸ್ ಅರಾಯೆಸ್ ಇಡೀ ಋತುವಿನಲ್ಲಿ ಸ್ಟ್ರೈಕ್‌ಔಟ್ ಆದದ್ದು 29 ಸಲ ಮಾತ್ರ. ಸರಾಸರಿ 0.314, ನ್ಯಾಷನಲ್ ಲೀಗ್‌ನಲ್ಲೇ ಮೊದಲ ಸ್ಥಾನ. ಮ್ಯಾರಿನರ್ಸ್‌ನ ಕ್ಯಾಲ್ ರಾಲಿ 2025ರಲ್ಲಿ 188 ಸಲ ಸ್ಟ್ರೈಕ್‌ಔಟ್ ಆದರು, ಸರಾಸರಿ 0.247. ನೂರು ಸಲ ಬ್ಯಾಟ್ ಹಿಡಿದು ನಿಂತರೆ ಯಾರು ಹೆಚ್ಚು ಸಲ ಬೇಸ್ ತಲುಪಿದರು? ಅರಾಯೆಸ್ ಸುಮಾರು 35 ಸಲ, ರಾಲಿ ಸುಮಾರು 36 ಸಲ. ಕೆಟ್ಟ ಚೆಂಡುಗಳನ್ನು ಬಿಟ್ಟು ಬಿಟ್ಟು ರಾಲಿ ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಗಳಿಸುತ್ತಿದ್ದರು. ವಾಕ್ ಬ್ಯಾಟಿಂಗ್ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಹೋಂ ರನ್ (ಬೇಲಿ ದಾಟುವ ಹೊಡೆತ) ಅರಾಯೆಸ್‌ಗೆ 4, ರಾಲಿಗೆ 60. ಇವರಿಬ್ಬರಲ್ಲಿ ತಂಡಕ್ಕೆ ಯಾರು ಬೇಕು, ನೀವೇ ಹೇಳಿ.

ಬ್ಯಾಟ್ ತಾಗಿಸುವುದಕ್ಕೆ ಬೆಲೆ ಬರುವ ಗಳಿಗೆಯೂ ಉಂಟು. ಮೂರನೆಯ ಬೇಸ್‌ನಲ್ಲಿ ಓಟಗಾರನಿದ್ದು ಇಬ್ಬರು ಔಟಾಗಿರದಿದ್ದರೆ ಒಂದು ಸಾಧಾರಣ ಹೊಡೆತವೂ ರನ್ ತರುತ್ತದೆ. 2025ರ ಮೇ 31ರಂದು ಮ್ಯಾರಿನರ್ಸ್‌ನ ಕೋಲ್ ಯಂಗ್ ತಮ್ಮ ಚೊಚ್ಚಲ ಪಂದ್ಯದ ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ನೆಲಕ್ಕೆ ಉರುಳಿಸಿದ ಒಂದು ಚೆಂಡಿನಿಂದಲೇ ಮಿನೆಸೋಟ ಟ್ವಿನ್ಸ್ ಸೋತಿತು. ಅಂಥ ಗಳಿಗೆ ದಿನವೂ ಬರುವುದಿಲ್ಲ. ಅದಕ್ಕಾಗಿ ಉಳಿದೆಲ್ಲ ಸರದಿಯಲ್ಲೂ ಬ್ಯಾಟರ್ ತನ್ನ ಬೀಸುವಿಕೆಯನ್ನು ಮೊಟಕುಗೊಳಿಸಿಕೊಂಡರೆ ತಂಡಕ್ಕೇ ನಷ್ಟ.

ಹಾಗಾದರೆ 2024ರಲ್ಲಿ ಆದದ್ದೇನು? ಎಲ್ಲ ತಂಡಗಳಿಗೂ ಇರುವ ಕಷ್ಟ ಮೊದಲನೆಯದು. ಗಂಟೆಗೆ 150 ಕಿಲೋಮೀಟರ್ ದಾಟಿದ ಚೆಂಡು 18.44 ಮೀಟರ್ ದೂರದಲ್ಲಿ ಪಿಚರ್ (ಚೆಂಡು ಎಸೆಯುವವನು) ನಿಲ್ಲುವ ಗುಡ್ಡೆಯಿಂದ ಹೊರಟು ಸುಮಾರು 0.4 ಸೆಕೆಂಡಿನಲ್ಲಿ ಎದುರಿಗೆ ಬಂದಿರುತ್ತದೆ. ಬೀಸಬೇಕೋ ಬೇಡವೋ ಎಂಬ ತೀರ್ಮಾನ ಅದರ ಅರ್ಧದೊಳಗೆ ಆಗಬೇಕು. ಮ್ಯಾರಿನರ್ಸ್‌ಗೆ ಸ್ವಂತ ಮೈದಾನದ ಕಷ್ಟವೂ ಸೇರಿಕೊಳ್ಳುತ್ತದೆ. ಟಿ-ಮೊಬೈಲ್ ಪಾರ್ಕ್‌ನ ಛಾವಣಿ ಮುಚ್ಚಿದರೂ ಪಕ್ಕಗಳು ತೆರೆದೇ ಇರುತ್ತವೆ. ಏಪ್ರಿಲ್ ರಾತ್ರಿಯ ತಣ್ಣನೆಯ, ದಟ್ಟ ಗಾಳಿಯಲ್ಲಿ ಬೇರೆ ಊರಿನಲ್ಲಿ ಬೇಲಿ ದಾಟಬೇಕಾದ ಚೆಂಡು ಇಲ್ಲಿ ಬೇಲಿಯ ಮುಂದೆ ಫೀಲ್ಡರ್ ಕೈಗೆ ಬೀಳುತ್ತದೆ. 2013ಕ್ಕೆ ಮೊದಲು ಬೇಲಿಯನ್ನೇ ಒಳಕ್ಕೆ ತಂದರು. ಆದರೂ ಇದು ಪಿಚರ್‌ಗಳ ಮೈದಾನವಾಗಿಯೇ ಉಳಿದಿದೆ.

ಇನ್ನು ಹುಡುಗರ ವಿಷಯ. ತಿಂಗಳೊಪ್ಪತ್ತಿನ ಆಟ ನೋಡಿ ತೀರ್ಪು ಕೊಡಬೇಡಿ. 2022ರಲ್ಲಿ ತಂಡಕ್ಕೆ ಬಂದ ಹೂಲಿಯೋ ರೋಡ್ರಿಗೆಜ್ ಇಡೀ ಏಪ್ರಿಲ್‌ನಲ್ಲಿ ಒಂದು ಹೋಂ ರನ್ ಸಹ ಹೊಡೆಯಲಿಲ್ಲ. ವರ್ಷಾಂತ್ಯಕ್ಕೆ ಅವರ ಹೆಸರಿನಲ್ಲಿ 28 ಹೋಂ ರನ್ ಮತ್ತು ವರ್ಷದ ಹೊಸಬ ಪ್ರಶಸ್ತಿ ಇದ್ದವು. ಎಲ್ಲರ ಕಥೆಯೂ ಹಾಗೆ ಮುಗಿಯುವುದಿಲ್ಲ ನಿಜ. ಜ್ಯಾರೆಡ್ ಕೆಲ್ನಿಕ್ ಅವರ ಮೇಲೂ ಅಷ್ಟೇ ಭರವಸೆ ಇತ್ತು. ಮೊದಲ ವರ್ಷ ಸರಾಸರಿ 0.181, ಎರಡು ವರ್ಷಗಳ ನಂತರ ಅವರನ್ನು ಅಟ್ಲಾಂಟಾಕ್ಕೆ ಕೊಟ್ಟುಬಿಟ್ಟರು. 2023ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಪ್ರಕ್ರಿಯೆ) 22ನೆಯವರಾಗಿ ಆಯ್ಕೆಯಾದ ಕೋಲ್ಟ್ ಎಮರ್ಸನ್ ಅವರ ಬಗ್ಗೆ ನನಗೆ ಬಹಳ ಆಸೆ ಇದೆ. ಕಾದು ನೋಡಲು ನಾನು ಸಿದ್ಧ, ನೀವೂ ಸ್ವಲ್ಪ ಕಾಯಿರಿ. ನಡುವೆ ಯಾರನ್ನಾದರೂ ಟಕೋಮಾದ ಮೈನರ್ ಲೀಗ್ (ಕೆಳಹಂತದ) ತಂಡಕ್ಕೆ ಕಳುಹಿಸಿದರೆ ‘ಕೈಬಿಟ್ಟರು’ ಎಂದು ಬರೆಯಬೇಡಿ. 2022ರ ಏಪ್ರಿಲ್‌ನಲ್ಲಿ 0.083 ಸರಾಸರಿಯೊಂದಿಗೆ ಟಕೋಮಾಕ್ಕೆ ಹೋದವರಲ್ಲಿ ಇದೇ ಕ್ಯಾಲ್ ರಾಲಿ ಒಬ್ಬರು. ಅದೇ ವರ್ಷ ಸೆಪ್ಟೆಂಬರ್ 30ರಂದು ಅವರ ಹೋಂ ರನ್ ತಂಡವನ್ನು 2001ರ ನಂತರ ಮೊದಲ ಬಾರಿಗೆ ಪ್ಲೇಆಫ್‌ಗೆ ಒಯ್ದಿತು.

ರಾಲಿ ಹೆಸರು ಬಂದ ಮೇಲೆ, ಯಾರೂ ಕೇಳದಿದ್ದರೂ, ಒಂದು ಮಾತು ಹೇಳಲೇಬೇಕು. ಅವರು ಕ್ಯಾಚರ್. ಪ್ರತಿ ಪಿಚ್‌ಗೂ ಕುಕ್ಕರಗಾಲಿನಲ್ಲಿ ಕೂರಬೇಕು, ಬ್ಯಾಟಿನ ಅಂಚಿಗೆ ತಗುಲಿ ದಿಕ್ಕು ಬದಲಿಸಿದ ಚೆಂಡು ಮುಖವಾಡಕ್ಕೋ ಹೆಬ್ಬೆರಳಿಗೋ ಬಡಿದರೂ ಏಳುವಂತಿಲ್ಲ, ಪಿಚರ್ ಯಾವ ಚೆಂಡು ಎಸೆಯಬೇಕೆಂದೂ ಯೋಚಿಸುತ್ತಿರಬೇಕು. ಇಷ್ಟೆಲ್ಲ ಮಾಡಿಕೊಂಡೇ 2025ರಲ್ಲಿ ಅವರು ಕ್ಯಾಚರ್ ಒಬ್ಬರ 48 ಹೋಂ ರನ್‌ಗಳ ದಾಖಲೆ ದಾಟಿದರು, ಎಡಗೈ, ಬಲಗೈ ಎರಡೂ ಬಗೆಯಲ್ಲಿ ಬ್ಯಾಟ್ ಮಾಡುವವರಲ್ಲಿ 1961ರಿಂದ ಮಿಕಿ ಮ್ಯಾಂಟಲ್ ಹೆಸರಿನಲ್ಲಿದ್ದ 54ನ್ನು ದಾಟಿದರು, ಕೆನ್ ಗ್ರಿಫಿ ಜೂನಿಯರ್ ಅವರ 56ರ ತಂಡದ ದಾಖಲೆಯನ್ನೂ ದಾಟಿದರು. ತಂಡ 2001ರ ನಂತರ ಮೊದಲ ಸಲ ವಿಭಾಗ ಗೆದ್ದಿತು. ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಮಾತ್ರ ಅಲ್ಪ ಅಂತರದಲ್ಲಿ ನ್ಯೂಯಾರ್ಕ್‌ನ ಆರನ್ ಜಡ್ಜ್ ಪಾಲಾಯಿತು. ಜಡ್ಜ್ ಅಪ್ರತಿಮ ಬ್ಯಾಟರ್, ಸಂಶಯವಿಲ್ಲ. ಆದರೆ ಅವರು ಕುಕ್ಕರಗಾಲಿನಲ್ಲಿ ಕೂರುವುದಿಲ್ಲ. ನನಗೆ ಮತವಿದ್ದಿದ್ದರೆ ರಾಲಿಗೇ ಹಾಕುತ್ತಿದ್ದೆ.