ರಿಮ್ ಇಳಿದಷ್ಟೂ ಗಾಳಿಗೆ ಜಾಗ

ನಮ್ಮಕ್ಕನ ಮಗ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡ. ಎರಡೇ ಸೀಟು. ಕೂತರೆ ರಸ್ತೆಯ ಮೇಲೆಯೇ ಕೂತಂತೆ. ಏಳಬೇಕಾದರೆ ನನ್ನಂಥವರಿಗೆ ಯಾರಾದರೂ ಕೈ ಕೊಡಬೇಕು. ಮೈಸೂರಿನ ರಿಂಗ್ ರಸ್ತೆಯಲ್ಲಿ ನೀರಿನ ಮೇಲೆ ತೇಲಿದಂತೆ ಓಡಿದ ಗಾಡಿ, ಮಂಡ್ಯ ದಾಟಿ ನಮ್ಮೂರ ದಾರಿಗೆ ತಿರುಗಿದ್ದೇ ತಡ, ಒಂದೊಂದು ಗುಂಡಿಯನ್ನೂ ಎಣಿಸಿ ನನ್ನ ಬೆನ್ನುಮೂಳೆಗೆ ಒಪ್ಪಿಸತೊಡಗಿತು. ಕಬ್ಬಿನ ಟ್ರ್ಯಾಕ್ಟರುಗಳು ತುಳಿದೂ ತುಳಿದೂ ಅಂಚು ಕಿತ್ತುಹೋದ ರಸ್ತೆ ಅದು. ಒಂದು ಕಡೆ ಜೋರಾಗಿ ‘ಧಡ್’ ಎಂದಿತು. ಇಳಿದು ನೋಡಿದರೆ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು.

ಪಂಕ್ಚರ್ ಅಂಗಡಿಯವನು ಕುಕ್ಕರಗಾಲಲ್ಲಿ ಕೂತು ಚಕ್ರವನ್ನು ಒಂದು ಸುತ್ತು ನೋಡಿದ. “ಇದೇನ್ ಸಾ, ರಿಮ್ಮಿಗೆ ಬಳೆ ತೊಡ್ಸಿದಂಗೈತೆ? ಇದ್ರಲ್ಲಿ ಗಾಳಿಗೆ ಜಾಗ ಎಲ್ಲೈತೆ?”

ಅವನ ಪ್ರಶ್ನೆಗೆ ಉತ್ತರ ಟೈರಿನ ಮೇಲೆಯೇ ಅಚ್ಚಾಗಿತ್ತು: 225/40 ಆರ್ 18. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. 40 ಎಂದರೆ ಆ ಅಗಲದ ಶೇ. 40ರಷ್ಟು ಪಕ್ಕೆಯ ಎತ್ತರ, ಅಂದರೆ 90 ಮಿ.ಮೀ. ಕೊನೆಯ 18 ರಿಮ್ಮಿನ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ಒಂದೇ ಸಾಲಿನಲ್ಲಿ ಕಲಸಿಟ್ಟ ಪುಣ್ಯಾತ್ಮರು ಯಾರೋ! ನಡುವಿನ ‘ಆರ್’ ಅನ್ನು ತುಂಬಾ ಜನ ರೇಡಿಯಸ್ ಎಂದುಕೊಳ್ಳುತ್ತಾರೆ. ಅದು ರೇಡಿಯಲ್, ರಬ್ಬರಿನೊಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹಾಯ್ದಿವೆ ಎಂಬುದರ ಗುರುತು. ಫ್ರಾನ್ಸಿನ ಮಿಶಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಮಾಡಿಸಿದ ಬಗೆ ಇದು. (ಮೈಸೂರಿನವರಿಗೆ ಟೈರೆಂದರೆ ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್. 1997ರಲ್ಲಿ ಅದು ಜೆ.ಕೆ. ಟೈರ್ ತೆಕ್ಕೆಗೆ ಹೋಯಿತಾದರೂ ನಮ್ಮ ಪೀಳಿಗೆಯ ಬಾಯಲ್ಲಿ ಇನ್ನೂ ವಿಕ್ರಾಂತೇ.)

ಈ ದಾರಗಳೇ ಆ ದಿನ ತುಂಡಾದದ್ದು. ಗುಂಡಿಯ ಅಂಚು ಒಂದು ಕಡೆ, ರಿಮ್ಮಿನ ಅಂಚು ಇನ್ನೊಂದು ಕಡೆ, ನಡುವೆ ಟೈರಿನ ಪಕ್ಕೆ ಅಡಕೊತ್ತಿನಲ್ಲಿ ಸಿಕ್ಕ ಅಡಕೆ. ದಾರ ಹರಿದ ಜಾಗದಲ್ಲಿ ಗಾಳಿಯನ್ನು ತಡೆಯಲು ಬರೀ ರಬ್ಬರು ಉಳಿಯುತ್ತದೆ, ಅದು ಉಬ್ಬುತ್ತದೆ. ಅಂಥ ಟೈರನ್ನು ಇನ್ನೊಂದು ದಿನ ಓಡಿಸೋಣ ಎನ್ನುವಂತಿಲ್ಲ.

“17 ಇಂಚಿಗೆ ಇಳಿಸು” ಎಂದೆ. ಹುಡುಗನಿಗೆ ಗಾಬರಿ. “ಮಾವ, ಚಕ್ರ ಚಿಕ್ಕದಾದ್ರೆ ಗಾಡಿ ಇನ್ನೂ ಕೆಳಗಿಳಿಯಲ್ವಾ? ಈಗ್ಲೇ ಹೊಟ್ಟೆ ಉಜ್ತಿದೆ.”

ಎಲ್ಲರೂ ಎಡವುವ ಜಾಗ ಇದೇ. ಇಳಿಸುವುದು ರಿಮ್ಮನ್ನು, ಚಕ್ರದ ಹೊರಸುತ್ತನ್ನಲ್ಲ. ಅವನ 225/40 ಆರ್ 18ರ ಹೊರವ್ಯಾಸ 637 ಮಿ.ಮೀ. ಅದರ ಬದಲು 225/45 ಆರ್ 17 ಹಾಕಿದರೆ 634. ಗಾಡಿ ಇಳಿಯುವುದು ಒಂದೂವರೆ ಮಿ.ಮೀ., ಸ್ಪೀಡೋಮೀಟರಿಗೂ ಹೆಚ್ಚುಕಮ್ಮಿ ಗೊತ್ತಾಗದು. ಪಕ್ಕೆ ಮಾತ್ರ 90ರಿಂದ 101 ಮಿ.ಮೀ.ಗೆ ಏರುತ್ತದೆ. ಲೋಹ ಬಿಟ್ಟುಕೊಟ್ಟ ಜಾಗವನ್ನು ಗಾಳಿ ತುಂಬಿಕೊಳ್ಳುತ್ತದೆ.

ಹೊರಸುತ್ತು ಚಿಕ್ಕದಾಗಿದ್ದರೆ ಹುಡುಗನ ಗಾಬರಿಗೆ ಅರ್ಥವಿತ್ತು. ಹೆಚ್ಚುಕಮ್ಮಿ ಒಂದಡಿ, 30 ಸೆಂ.ಮೀ. ಅಗಲದ ಗುಂಡಿಯೊಂದನ್ನು ಊಹಿಸಿಕೊಳ್ಳಿ. ಸ್ಕೂಟರಿನ 10 ಇಂಚು ರಿಮ್ಮಿನ ಚಕ್ರ ಅದರೊಳಗೆ ಸುಮಾರು 60 ಮಿ.ಮೀ. ಇಳಿಯುತ್ತದೆ. ಇವನ ಕಾರಿನದು 38, ರಿಮ್ಮು 17 ಇದ್ದರೂ 18 ಇದ್ದರೂ ಅಷ್ಟೇ. ಸುಮಾರು 1.4 ಮೀಟರ್ ವ್ಯಾಸದ ಹಳೆಯ ಎತ್ತಿನಗಾಡಿ ಚಕ್ರವಾದರೆ ಬರೀ 16. ಲೆಕ್ಕದ ಪ್ರಕಾರ ಎತ್ತಿನಗಾಡಿಯಷ್ಟು ಸುಖ ಇನ್ನಾವುದರಲ್ಲೂ ಇರಬಾರದು!

ಕೂತವರಿಗೆ ಗೊತ್ತು ಆ ಸುಖ. ಮರದ ಚಕ್ರ, ಅದಕ್ಕೆ ಕಬ್ಬಿಣದ ಪಟ್ಟೆ, ಎಲ್ಲೂ ಒಂದು ಕೂದಲಷ್ಟು ಬಗ್ಗುವುದಿಲ್ಲ. ಇಳಿಯುವುದು 16 ಮಿ.ಮೀ. ಆದರೂ ಆ ಹದಿನಾರೂ ಪೂರ್ತಿಯಾಗಿ ಮೂಳೆಗೇ ಸೇರುತ್ತದೆ. ಆಮೇಲೆ ನಮ್ಮ ಸೀಮೆಗೆ ಟೈರ್ ಗಾಡಿ ಬಂತು. ಚಕ್ರ ಮೊದಲಿನದಕ್ಕಿಂತ ತುಂಬಾ ಚಿಕ್ಕದು, ಆದರೆ ಒಳಗೆ ಗಾಳಿ. ಅದೇ ಎತ್ತು ಹೆಚ್ಚು ಕಬ್ಬು ಎಳೆದವು, ಮೇಲೆ ಕೂತವನು ತೂಕಡಿಸುವಂತಾಯಿತು. ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು 1845ರಲ್ಲೇ ಪೇಟೆಂಟ್ ಪಡೆದಿದ್ದ. ಜನ ಅದನ್ನು ಮರೆತ ಮೇಲೆ 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್, ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಮತ್ತೆ ಕಂಡುಹಿಡಿದ.

ಕಾರಿಗೆ ಸಸ್ಪೆನ್ಷನ್ ಇದೆಯಲ್ಲ, ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಏನು ಮಾಡುತ್ತಿವೆ ಎನ್ನಬಹುದು. ಅವುಗಳ ಕೆಲಸವೇ ಬೇರೆ. ರಸ್ತೆಯ ದೊಡ್ಡ ಅಲೆಗಳಿಗೆ ಕಾರಿನ ಮೈ ಸೆಕೆಂಡಿಗೆ ಒಂದೋ ಒಂದೂವರೆಯೋ ಸಲ ತೂಗುತ್ತದೆ, ಸ್ಪೋರ್ಟ್ಸ್ ಕಾರಾದರೆ ಎರಡರ ಹತ್ತಿರ. ಸ್ಪ್ರಿಂಗು ನೋಡಿಕೊಳ್ಳುವುದು ಇದನ್ನು. ಸ್ಪ್ರಿಂಗಿನ ಕೆಳಗಿರುವ ಚಕ್ರ, ಬ್ರೇಕು ಮೊದಲಾದ ಭಾರ ಮಾತ್ರ ಇನ್ನೊಂದು ತಾಳದಲ್ಲಿ ಕುಣಿಯುತ್ತದೆ: ಸೆಕೆಂಡಿಗೆ ಹತ್ತರಿಂದ ಹದಿನೈದು ಸಲ. ಜಂಕ್ಷನ್ ಬರುವ ಮುಂಚೆ ಡಾಂಬರಿನ ಮೇಲೆ ದಪ್ಪ ಬಿಳಿ ಪಟ್ಟಿ ಹಾಕಿರುತ್ತಾರಲ್ಲ, ಅವು ಮೀಟರಿಗೊಂದರಂತೆ ಇದ್ದು ನೀವು ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ ಸರಿಯಾಗಿ ಹತ್ತು ಪೆಟ್ಟು. ಚಕ್ರಕ್ಕೆ ಅದು ಅದರದೇ ತಾಳ. ಎರಡರ ನಡುವೆ ಮನುಷ್ಯನ ದೇಹ: ಮೇಲೆ ಕೆಳಗೆ ಅದುರುವ ವಿಷಯದಲ್ಲಿ ಸೆಕೆಂಡಿಗೆ ನಾಲ್ಕರಿಂದ ಎಂಟು ಅದುರು ನಮಗೆ ಎಲ್ಲಕ್ಕಿಂತ ಅಸಹನೀಯ.

ಕಲ್ಲಿನ ಚೂರು, ಡಾಂಬರು ಕಿತ್ತ ಅಂಚು, ಇಂಥ ಚೂಪು ಪೆಟ್ಟುಗಳು ಕಣ್ಣುಮಿಟುಕುವಷ್ಟರಲ್ಲಿ ಮುಗಿದುಹೋಗುತ್ತವೆ. ಅಷ್ಟು ಚುರುಕಾಗಿ ಒತ್ತಿದರೆ ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆಯೇ ಗಟ್ಟಿಯಾದಂತೆ ಎದುರು ನಿಲ್ಲುತ್ತದೆ. ಆಗ ಬಗ್ಗಬೇಕಾದ್ದು ಟೈರು. ಉದ್ದ ಪಕ್ಕೆಯ ಟೈರು ಕಲ್ಲನ್ನು ನುಂಗಿ ಉಗುಳುತ್ತದೆ. ಗಿಡ್ಡ ಪಕ್ಕೆಯದು ಕಲ್ಲಿನ ಮೇಲೆ ಹತ್ತಿಳಿಯುತ್ತದೆ. ಒಂದು ಚಕ್ರದ ಮೇಲೆ 300 ಕೆ.ಜಿ. ಭಾರವಿದ್ದರೆ ನಿಂತಲ್ಲೇ ಟೈರು ಸುಮಾರು 15 ಮಿ.ಮೀ. ತಗ್ಗಿರುತ್ತದೆ. ಉಳಿದದ್ದರಲ್ಲಿ ರಿಮ್ಮಿಗೆ ಪೆಟ್ಟು ತಗಲುವ ಮುಂಚೆ ಸಿಗುವ ಅವಕಾಶ ಎಷ್ಟು ಕಡಿಮೆ ಎಂದು ನೋಡಿದರೆ, 11 ಮಿ.ಮೀ. ದೊಡ್ಡ ದಾನವೇ.

ಈ ಮೆತ್ತನೆಯನ್ನು ಪುಕ್ಕಟೆ ಪಡೆಯಲು ಕೆಲವರು ಗಾಳಿ ಕಡಿಮೆ ಹೊಡೆಸುತ್ತಾರೆ. ಬೇಡ. ಗಾಳಿ ಕಡಿಮೆಯಾದರೆ ಪಕ್ಕೆ ಪ್ರತಿ ಸುತ್ತಿಗೂ ಅತಿಯಾಗಿ ಮಡಿಸಿ ಬಿಚ್ಚಿ ಬಿಸಿಯೇರುತ್ತದೆ, ಹೆದ್ದಾರಿಯ ವೇಗದಲ್ಲಿ ಸಿಡಿಯುವುದೂ ಉಂಟು.

ಹುಡುಗ ಒಪ್ಪಿದ ಮೇಲೆ ಆಸೆ ಹೆಚ್ಚಿ “16 ಹಾಕ್ಸೋಣ” ಎಂದ. ಮೈಸೂರಿನ ಟೈರ್ ಅಂಗಡಿಯಲ್ಲಿ ಒಂದು 16 ಇಂಚಿನ ರಿಮ್ಮನ್ನು ಹಿಡಿದು ನೋಡಿದರು. ಬ್ರೇಕಿನ ಕ್ಯಾಲಿಪರ್, ಅಂದರೆ ಡಿಸ್ಕನ್ನು ಹಿಚುಕಿ ಹಿಡಿಯುವ ಭಾಗ, ಅಡ್ಡ ಬಂತು. ರಿಮ್ಮು ದೊಡ್ಡದಾಗುತ್ತ ಬಂದದ್ದಕ್ಕೆ ಇದೊಂದು ನ್ಯಾಯವಾದ ಕಾರಣ: ಬಲವಾದ ಎಂಜಿನಿಗೆ ದೊಡ್ಡ ಬ್ರೇಕು ಬೇಕು, ದೊಡ್ಡ ಬ್ರೇಕಿಗೆ ದೊಡ್ಡ ರಿಮ್ಮು. ಉಳಿದ ಕಾರಣ ಅಂದ ಅಂತಲೇ ನನ್ನ ಅನುಮಾನ. ಗಂಟೆಗೆ 386 ಕಿ.ಮೀ. ಓಡಿ 1998ರಲ್ಲಿ ದಾಖಲೆ ಬರೆದ ಮೆಕ್‌ಲಾರೆನ್ ಎಫ್1 ಕಾರಿಗೆ ಇದ್ದದ್ದು 17 ಇಂಚಿನ ಚಕ್ರ. ಫಾರ್ಮುಲಾ ಒನ್ ರೇಸಿನ ಕಾರುಗಳು 2021ರವರೆಗೆ 13 ಇಂಚಿನ ರಿಮ್ಮಿನ ಮೇಲೆ, ದಪ್ಪ ಪಕ್ಕೆಯ ಟೈರಿನಲ್ಲೇ ಓಡಿದವು. ಅವುಗಳ ಸಸ್ಪೆನ್ಷನ್ನಿನ ಬಹುಪಾಲು ಕೆಲಸ ಮಾಡುತ್ತಿದ್ದುದು ಆ ರಬ್ಬರೇ. 18 ಇಂಚು ಬಂದದ್ದು 2022ರಲ್ಲಿ.

ಕಳೆದುಕೊಳ್ಳುವುದೂ ಇದೆ. ಸ್ಟೇರಿಂಗ್ ತಿರುಗಿಸಿದಾಗ ಉದ್ದ ಪಕ್ಕೆ ಮೊದಲು ಕೊಂಚ ವಾಲಿ, ಆಮೇಲೆ ಮಾತು ಕೇಳುತ್ತದೆ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಹುಡುಗನಿಗೆ ಅದು ತಿಳಿಯಿತು, “ಅರ್ಧ ಕ್ಷಣ ಯೋಚ್ನೆ ಮಾಡುತ್ತೆ ಮಾವ” ಎಂದ. ನನಗೆ ತಿಳಿಯಲಿಲ್ಲ. ಚಿಕ್ಕ ರಿಮ್ಮು ಹಗುರವೆಂದೂ ಕಣ್ಣುಮುಚ್ಚಿ ನಂಬಬಾರದು. ಅಗ್ಗದ 17 ಇಂಚು ರಿಮ್ಮು ಒಳ್ಳೆಯ 18 ಇಂಚಿಗಿಂತ ಭಾರ ಇರಬಹುದು, ಅಂಗಡಿಯಲ್ಲೇ ತೂಗಿಸಿ ನೋಡುವುದು ವಾಸಿ. ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಕಂಪನಿಯ ಪುಸ್ತಕದಲ್ಲೋ ಇರುವ ಅಳತೆಯನ್ನೇ ಹಾಕಿಸಬೇಕು, ಟೈರು ಹೊರುವ ಭಾರ ಮೊದಲಿನದಕ್ಕಿಂತ ಕಡಿಮೆ ಇರಕೂಡದು.

ಇಷ್ಟಾದರೂ ಹಂಪಿನ ಮುಂದೆ ರಿಮ್ಮಿನ ಆಟ ನಡೆಯದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ಸೌಮ್ಯ ಗುಡ್ಡೆ. ಗಂಟೆಗೆ 25 ಕಿ.ಮೀ.ನಲ್ಲಿ ದಾಟಲು ಲೆಕ್ಕ ಹಾಕಿದ್ದು. ಅದು ಸ್ಪ್ರಿಂಗಿನ ಪಾಲಿನ ಕೆಲಸ, ಟೈರಿನದಲ್ಲ. ನಮ್ಮೂರ ಬಾಗಿಲಲ್ಲಿ ಯಾರೋ ರಾತ್ರೋರಾತ್ರಿ ಕಟ್ಟಿದ ಸಿಮೆಂಟ್ ದಿಂಡು ಯಾವ ನಿಯಮಕ್ಕೂ ಸೇರಿದ್ದಲ್ಲ. ಅಲ್ಲಿ ಕಾರಿನ ಹೊಟ್ಟೆ ಈಗಲೂ ಉಜ್ಜುತ್ತದೆ, ನಾನು ಈಗಲೂ ಇಳಿದು ನಡೆಯುತ್ತೇನೆ.

ಅಲ್ಲಿಯವರೆಗಿನ ಒಂಬತ್ತು ಕಿಲೋಮೀಟರ್ ಮಾತ್ರ ಬೇರೆಯೇ ರಸ್ತೆ ಆಗಿದೆ. ಗುಂಡಿ ಅಷ್ಟೇ ಇವೆ, ಸದ್ದು ಬದಲಾಗಿದೆ: ‘ಧಡ್’ ಹೋಗಿ ‘ದುಬ್’. ಬಿಚ್ಚಿದ 18 ಇಂಚಿನ ಚಕ್ರಗಳಲ್ಲಿ ಚೆನ್ನಾಗಿದ್ದ ಮೂರು ಅಕ್ಕನ ಮನೆಯ ಅಟ್ಟದಲ್ಲಿವೆ. ಮಾರುವುದಿಲ್ಲವಂತೆ. ಕಳೆದ ಆಯುಧಪೂಜೆಗೆ ಹುಡುಗ ಅವನ್ನೂ ಕೆಳಗಿಳಿಸಿ, ಒರೆಸಿ, ಕುಂಕುಮ ಇಟ್ಟ.