ಹಳೆಯ ಪೆನ್ಸಿಲ್ ಚಿತ್ರ ಬೆಳಕಿಗೆ ಮಾಸಿಹೋಗುತ್ತದೆಯೇ?

ಪ್ರಶ್ನೆ: ಅಮೆರಿಕದ ಆಶರ್ ಡುರಾಂಡ್ (1796–1886) ಬಿಡಿಸಿದ ಕಾಡಿನ ಪೆನ್ಸಿಲ್ ಚಿತ್ರಗಳು ಅಲ್ಲಲ್ಲಿ ತೀರಾ ತೆಳುವಾಗಿವೆ. ಇಷ್ಟು ವರ್ಷದಲ್ಲಿ ಪೆನ್ಸಿಲ್ ಮಾಸಿರಬೇಕಲ್ಲವೇ?

ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇಲ್ಲ, ಪೆನ್ಸಿಲ್ ಗೆರೆ ಬೆಳಕಿಗೆ ಮಾಸುವುದಿಲ್ಲ.

ಕಡ್ಡಿಯ ಕಪ್ಪು ಗ್ರಾಫೈಟಿನದು, ಅಂದರೆ ಇಂಗಾಲ. ಬಿಸಿಲಿಗೆ ಬಣ್ಣ ಬಿಡುವುದು ಅದರ ಜಾಯಮಾನವಲ್ಲ. ಬಿಸಿಲಿಗೆ ಸೋಲುವುದು ಜಲವರ್ಣದ ಕೆಲವು ಬಣ್ಣಗಳು. "ಹಾಗಾದರೆ ಮ್ಯೂಸಿಯಂನವರು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಕೆಲವೇ ತಿಂಗಳು ತೋರಿಸಿ ಒಳಗಿಡುವುದೇಕೆ?" ಎಂದು ಪಟ್ಟು ಹಿಡಿಯುವವರಿದ್ದಾರೆ. ಅದು ಕಾಗದದ ಮೇಲಿನ ಕಾಳಜಿ. 19ನೇ ಶತಮಾನದ ಮಧ್ಯದ ನಂತರ ಬಳಕೆಗೆ ಬಂದ ಮರದ ತಿರುಳಿನ ಕಾಗದವಂತೂ ಬೇಗ ಕಂದಾಗುತ್ತದೆ. ಹಿನ್ನೆಲೆ ಕಂದಾದಷ್ಟೂ ಗೆರೆ ಮಂಕಾಗಿ ಕಾಣುತ್ತದೆ. ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ.

ಪೆನ್ಸಿಲಿನ ನಿಜವಾದ ಶತ್ರು ಉಜ್ಜಾಟ. ಗ್ರಾಫೈಟ್ ಪದರ ಪದರವಾಗಿ ಜಾರುವ ವಸ್ತು. ಶಾಯಿಯಂತೆ ಕಾಗದದೊಳಗೆ ಇಳಿಯದೆ ನಾರಿನ ಮೇಲೆ ಕೂತಿರುತ್ತದೆ. ಸ್ಕೆಚ್‌ಬುಕ್ಕಿನ ಹಾಳೆಗಳು ಒಂದಕ್ಕೊಂದು ತಿಕ್ಕಿದರೆ ಎದುರು ಪುಟದಲ್ಲಿ ಬೂದು ನೆರಳು ಮೂಡುತ್ತದೆ. ಕಿಟಕಿಗೆ ಪರದೆ ಎಳೆದು, ಚಿತ್ರಗಳನ್ನು ಒಂದರ ಮೇಲೊಂದು ಒಟ್ಟಿಟ್ಟರೆ ಏನು ಪ್ರಯೋಜನ ಹೇಳಿ!

ಇನ್ನು ಡುರಾಂಡ್‌ನ ಚಿತ್ರದಲ್ಲಿ ಮುಂದಿನ ಮರವನ್ನೇ ನೋಡಿ. ತೊಗಟೆಯ ಒಂದೊಂದು ಬಿರುಕು, ಬಂಡೆಯನ್ನು ತಬ್ಬಿದ ಬೇರು, ಅದರ ಅಡಿಯ ನೆರಳು ಎಲ್ಲವೂ ಗಾಢವಾಗಿವೆ. ಹಿಂದಿನ ಮರಗಳಿಗೆ ಬರೀ ತೆಳು ಹೊರಗೆರೆ. ಬೆಳಕು ತಿಂದಿದ್ದರೆ ಇಡೀ ಹಾಳೆ ಒಂದೇ ಸಮ ಮಂಕಾಗಬೇಕಿತ್ತು. ಆ ತೆಳುವು ಆತ ಬೇಕೆಂದೇ ಮಾಡಿದ್ದು, ದೂರ ತೋರಿಸುವುದಕ್ಕೆ. ಗಾಢ ಗೆರೆಗೊಂದು, ತೆಳು ಗೆರೆಗೊಂದು ಕಡ್ಡಿ ಮಾಡುವ ದಾರಿಯೂ ಆಗಲೇ ಇತ್ತು: 1795ರಲ್ಲಿ ಫ್ರಾನ್ಸಿನ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮಣ್ಣು ಹೆಚ್ಚಿದ್ದರೆ ಗಟ್ಟಿ ಕಡ್ಡಿ, ತೆಳು ಗೆರೆ. ಕಡಿಮೆಯಿದ್ದರೆ ಮೆತ್ತನೆಯ ಕಡ್ಡಿ, ದಟ್ಟ ಕಪ್ಪು.

ಅಂದಹಾಗೆ, ಇಷ್ಟೊಂದು ತಾಳ್ಮೆ ಆತನಿಗೆ ಬಂದದ್ದೆಲ್ಲಿಂದ? ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಡುರಾಂಡ್ ವರ್ಣಚಿತ್ರಕಾರನಾಗುವ ಮೊದಲು ಮುದ್ರಣಕ್ಕಾಗಿ ತಾಮ್ರದ ಹಲಗೆಯಲ್ಲಿ ಚಿತ್ರ ಕೊರೆಯುತ್ತಿದ್ದವನು. ಚಿತ್ರಕಾರ ಜಾನ್ ಟ್ರಂಬಲ್ ಬಿಡಿಸಿದ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಚಿತ್ರವೊಂದನ್ನು ಹಲಗೆಗೆ ಇಳಿಸಲು ಸುಮಾರು ಮೂರು ವರ್ಷ ಹಿಡಿಯಿತು. ತಾಮ್ರದ ಮೇಲೆ ತಪ್ಪಿದ ಗೆರೆಯನ್ನು ತಿದ್ದುವುದು ಸುಲಭವಲ್ಲ. 1855ರಲ್ಲಿ ಕಲಾಪತ್ರಿಕೆಯೊಂದಕ್ಕೆ ಬರೆದ ಪತ್ರಗಳಲ್ಲಿ ಆತ ಕಲಿಯುವವರಿಗೆ ಕೊಟ್ಟ ಸಲಹೆ: ಕುಂಚ, ಬಣ್ಣ ಬದಿಗಿಡಿ, ಪೆನ್ಸಿಲ್ ಹಿಡಿಯಿರಿ, ಮರ ಬಿಡಿಸುವುದಾದರೆ ಅದು ಬೇರೆ ಜಾತಿಯ ಮರಗಳಿಗಿಂತ ಎಲ್ಲಿ ಭಿನ್ನ ಎಂಬುದನ್ನು ಮೊದಲು ನೋಡಿ.